ಇನ್ನೂರರ ಮುಂದಿನ ಚಿತ್ರಗಳು

ಸಿಂಧನೂರಿನಲ್ಲಿ ವಿಡಿಯೊ ಅಂಗಡಿ ಇಟ್ಟಿದ್ದ ಕನಕರಾಯನಿಗೆ ಅವಸರವೇ ಶತ್ರು. ತಂಗಿ ಶೇಖಮ್ಮನ ಮದುವೆ ಕ್ಯಾಸೆಟ್ಟಿನ ಮೊದಲಿಗೆ ತಾನೇ ಕಂಪ್ಯೂಟರಿನಲ್ಲಿ ದೀಪ ಉರಿಸಿ, ಅದರ ಬೆಳಕಿನಲ್ಲಿ ಗಂಡಹೆಂಡಿರ ಮುಖ ಮೂಡಿಸುತ್ತೇನೆಂದು ಹೊರಟ. ತೊಂಬತ್ತಾರರ ಮಾತು. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಬರೆದು ಎಂಟರ್ ಒತ್ತಿದರೆ ಚಿತ್ರ ಗಿತ್ರ ಏನೂ ಕಾಣದು, ಬರೀ ಅಂಕಿ. ಮೂರು ನಿಮಿಷಕ್ಕೊಂದು ಚಿತ್ರ ಡಿಸ್ಕಿಗೆ ಬೀಳುತ್ತದೆ. ಇನ್ನೂರ ನಲವತ್ತು ಬಿದ್ದರೆ ಹತ್ತು ಸೆಕೆಂಡಿನ ಆಟ, ಅಷ್ಟೇ!

ಅವನು ಊಟಕ್ಕೆ ಹೋದಾಗ ಕರೆಂಟ್ ಹೋಗಿ ಬಂದಿತ್ತು. ಎಣಿಸಿದ, ಇನ್ನೂರ ನಲವತ್ತೂ ಇದ್ದವು. ಮತ್ತೆ ಕರೆಂಟ್ ಹೋದೀತೆಂದು ಟಿ.ವಿ. ಕಡೆ ನೋಡದೆ ಕ್ಯಾಸೆಟ್ಟಿಗಿಳಿಸಿ, ತಂಗಿಯ ಗಂಡನ ಮನೆಗೆ ಮುಟ್ಟಿಸೆಂದು ಮಸ್ಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ.

ಮರುದಿನ ಡಿಸ್ಕ್ ಖಾಲಿ ಮಾಡಲು ಕೂತವನಿಗೆ ಚಿತ್ರಗಳ ತಾರೀಖು ಕಂಡಿತು. ಹೊಸವು ಇನ್ನೂರೇ, ಕರೆಂಟ್ ಹೋದಾಗಲೇ ಕೆಲಸ ನಿಂತಿತ್ತು. ಅದೇ ನಂಬರಿನ ಹಳೆಯ ಚಿತ್ರಗಳ ಮೇಲೆ ಹೊಸವು ಬೀಳುತ್ತ ಹೋಗಿ, ಉಳಿದ ನಲವತ್ತು ಹೋದ ತಿಂಗಳಿನವು, ಜವಳಗೇರಾದ ಶಿವಶರಣಪ್ಪನ ಪುಣ್ಯಸ್ಮರಣೆಗೆ ಮಾಡಿದವು: ಹಾರ ಹಾಕಿದ ಸತ್ತವನ ಮುಖ, ಕೊನೆಗೆ ಆರುವ ದೀಪ. ಅಳಿಸಲು ಮರೆತಿದ್ದ ಪುಣ್ಯಾತ್ಮ! ಹೊಸ ಸೊಸೆಯ ಕಾಲ್ಗುಣ ಅಳೆಯುವ ದಿನಗಳಿವು. ಸಿಕ್ಕ ಬಸ್ ಹತ್ತಿದ.

ಮಸ್ಕಿಯ ಮನೆಯಲ್ಲಿ ಓಣಿಯ ಮಂದಿಯೆಲ್ಲ ಟಿ.ವಿ. ಮುಂದೆ ಕೂತಿತ್ತು. ಯಾರೂ ಬಾ ಎನ್ನಲಿಲ್ಲ, ನೀರು ಕೊಡಲಿಲ್ಲ. ಶೇಖಮ್ಮ ಗೋಡೆಗೆ ಅಂಟಿ ನಿಂತಿದ್ದಳು. ತಡವಾಗಿಹೋಗಿತ್ತು.

"ಯವ್ವಾ, ತಪ್ಪು ನಂದೈತ್ರೀ," ಕನಕರಾಯ ಅವಳ ಅತ್ತೆ ಯಮನೂರಮ್ಮನ ಕಾಲು ಹಿಡಿದ. "ಹಳೇ ಚಿತ್ರ ಹಂಗ ಉಳದಿದ್ವು. ತಂಗಿದೇನೂ ಇಲ್ಲರೀ. ಹೊಸಾದು ಮಾಡಿ ತರ್ತೀನಿ."

"ನಿಂದ ತಪ್ಪಿರಬೋದಪ್ಪ. ಆದ್ರ ನನ್ನ ಮಗನ ಮಾರಿ ಹೋಗಿ ಹೆಣದ ಮಾರಿ ಬಂತು, ದೀಪ ಆರಿತು. ಈ ಕಣ್ಣೀಲೆ ನೋಡೀನಿ. ಈಕಿ ಬಂದು ಹದಿನೈದು ದಿನಾ ಆಗಿಲ್ಲ. ನಾಳೆ ಅವ್ಗೇನರ ಆದ್ರ?"

"ಏ ಬಿಡಬೇ ಯವ್ವಾ, ನಾ ಗುಂಡಕಲ್ಲಿನಂಗ ಅದೀನಿ," ಶೇಖಮ್ಮನ ಗಂಡ ಮೈಲಾರಲಿಂಗಪ್ಪ ಚಹಾ ಕುಡಿಯುತ್ತಲೇ ನಕ್ಕ. ಕನಕರಾಯನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಚಹಾ ನೆತ್ತಿಗೇರಿತು. ಮೈಲಾರಲಿಂಗಪ್ಪ ಕೆಮ್ಮಿದ, ಮತ್ತೆ ಕೆಮ್ಮಿದ, ಕಣ್ಣು ಕೆಂಪಾದವು.

ಕೂತವರೆಲ್ಲ ಶೇಖಮ್ಮನ ಕಡೆ ತಿರುಗಿ ನೋಡಿದರು. ಕನಕರಾಯನೂ ನೋಡಿಬಿಟ್ಟ.