ಹಗಲು ಮಲಗುವವರ ಮನೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಡೆದದ್ದು ಹೀಗೆ. ಮ್ಯೂಸಿಯಮ್ಮಿನ ಗೈಡು ಆ ಹೊತ್ತಿಗೆ ಮಂಚದ ಕೆಳಗೆ ಬೋರಲು ಮಲಗಿದ್ದ. ಮನೆ, ಮಂಚ ಎರಡೂ ತೀರಿಹೋದ ಮುದುಕರೊಬ್ಬರದು, ಲೈಟ್‌ಹೌಸಿನ ಕೊನೆಯ ಕಾವಲುಗಾರರದು. ರಾತ್ರಿಯಿಡೀ ಮೇಲೆ ದೀಪ ನೋಡಿಕೊಂಡು, ಹಗಲು ಅವರು ಮಲಗುತ್ತಿದ್ದದ್ದು ಅದರ ಮೇಲೆ. ಈಗ ಅಲ್ಲಿ ಕಂಬಳಿ ಹೊದ್ದ ಎರಡು ದಿಂಬುಗಳು ಅವರ ಪರವಾಗಿ ಮಲಗಿದ್ದವು. ಯಾರಾದರೂ ಹತ್ತಿರ ಬಂದರೆ ಗೈಡು ಕೆಳಗಿನಿಂದ ಆ ಮುದುಕರ ದನಿಯಲ್ಲಿ ಗದರುತ್ತಿದ್ದ. ಜನ ಕಿರುಚಿ, ಆಮೇಲೆ ನಕ್ಕು, ಹೊರಗಿದ್ದವರನ್ನೂ ಒಳಗೆ ತಳ್ಳುತ್ತಿದ್ದರು.

ಮ್ಯಾನೇಜರ್ ಮೇಡಂ ಬೆಳಿಗ್ಗೆಯೇ ಎಚ್ಚರಿಸಿದ್ದರು. "ನಾಳೆ ಕಾವಲುಗಾರರ ಮಗಳು ಬರ್ತಾರೆ. ಮನೆ, ಸಾಮಾನು ಎಲ್ಲ ಅವರದ್ದೇ. ಅಪ್ಪನನ್ನ ತಮಾಷೆ ಮಾಡಿದೀವಿ ಅನ್ನಿಸಿದ್ರೆ ಮ್ಯೂಸಿಯಂ ಮುಚ್ಚಿಸ್ತಾರಂತೆ. ನಿನ್ನ ಗಂಟಲಿಗೆ ಬೀಗ ಹಾಕಪ್ಪ."

"ನಾಳೆ ತಾನೇ ಮೇಡಂ? ಇವತ್ತು ಗಂಟಲು ನಂದೇ."

ಬಾಗಿಲಲ್ಲಿ ಒಂದು ಜೊತೆ ಕಂದು ಚಪ್ಪಲಿ ಕಂಡಿತು. ಗೈಡು ಕೆಮ್ಮಿ, ದನಿ ತೆಗೆದ: "ಯಾರದು ಸದ್ದು? ಮನುಷ್ಯ ಮಲಗೋದು ಬೇಡ್ವಾ?"

ಯಾರೂ ಕಿರುಚಲಿಲ್ಲ. ಪಾದಗಳು ಚಪ್ಪಲಿಯಿಂದ ಹೊರಬಂದವು. ಒಂದು ಕೈ ಕೆಳಗಿಳಿದು, ಬಳೆ ಸದ್ದಾಗದಂತೆ ಅವನ್ನು ಎತ್ತಿಕೊಂಡಿತು. ಪಾದಗಳು ತುದಿಬೆರಳಲ್ಲಿ ಹಿಂದೆ ಸರಿದು, ಬಾಗಿಲ ಬಳಿ ಎಲ್ಲರೂ ತುಳಿದು ಕಿರ್ರೆನ್ನಿಸುವ ಸಡಿಲ ಹಲಗೆಯನ್ನು ನೋಡದೆಯೇ ದಾಟಿದವು.

ಗೈಡು ಮಂಚದಡಿಯಿಂದ ಕತ್ತು ಚಾಚಿ ನೋಡಿದ. ಆ ಹಲಗೆ ದಿನವೂ ಅವನನ್ನೇ ಹಿಡಿದುಕೊಡುತ್ತಿತ್ತು. ನೋಡದೆ ದಾಟಬೇಕಾದರೆ ಈ ಮನೆಯಲ್ಲೇ ಬೆಳೆದಿರಬೇಕು.

ತೆವಳಿ ಹೊರಬಂದ. ಹಜಾರದಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸು ಚಪ್ಪಲಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು.

"ತಪ್ಪಾಯ್ತು ಅಮ್ಮಾ. ನಾಳೆ ಬರ್ತೀರಿ ಅಂದ್ರು..." ಊರಿನವರೆಲ್ಲರ ದನಿ ತೆಗೆಯುತ್ತಿದ್ದವನು ಈಗ ತನ್ನದೇ ದನಿಯಲ್ಲಿ ಕೈಮುಗಿದ.

"ಶ್. ಅಪ್ಪ ಏಳ್ತಾರೆ," ಎಂದು ಆಕೆ ಪಿಸುಗುಟ್ಟಿದರು.

ಆಮೇಲೆ ತಮ್ಮ ಕೈಯಲ್ಲಿದ್ದ ಚಪ್ಪಲಿ ನೋಡಿದರು. ಅವನ ಕೂದಲಿಗೆ ಮೆತ್ತಿದ ಜೇಡರಬಲೆ ನೋಡಿದರು.

"ಹಗಲು ಹೊತ್ತು ನಾನೂ ನನ್ನ ತಮ್ಮನೂ ಪಿಸುಮಾತಲ್ಲೇ ಜಗಳ ಆಡ್ತಿದ್ವಿ ಕಣೋ. ನಗು ಬಂದ್ರೆ ದಿಂಬು ಕಚ್ಚಿಕೊಳ್ಳೋದು."

"ಮುಚ್ಚಿಸ್ತೀರಾ ಅಮ್ಮಾ?"

"ಮುಚ್ಚಿಸೋದಾ? ನಾಳೆ ನನ್ನ ತಮ್ಮನನ್ನ ಕರ್ಕೊಂಡು ಬರ್ತೀನಿ. ಅವನಿಗೂ ಹೀಗೇ ಮಾಡು. ಅಪ್ಪಂದು ಒಣಕೆಮ್ಮು, ಅದನ್ನ ಮಾತ್ರ ಸರಿ ಮಾಡ್ಕೋ."

ತಮ್ಮನ ಮುಖ ನೆನೆದೋ ಏನೋ, ಆಕೆಗೆ ನಗು ಉಕ್ಕಿತು. ಅಭ್ಯಾಸಬಲದಿಂದ ಕೈ ಬಾಯಿಗೆ ಹೋಯಿತು, ಅರ್ಧದಲ್ಲೇ ನಿಂತಿತು, ಕೆಳಗಿಳಿಯಿತು. ನಗುವಿಗೆ ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಓಡಿಬಂದ ಮೇಡಂ ಕಾರಣ ತಿಳಿಯದೆಯೇ ನಕ್ಕರು. ಗೈಡು ಉಸಿರು ಬಿಟ್ಟು, ಗೋಡೆಗೊರಗಿ ನಕ್ಕ. ಆಕೆಯ ಸದ್ದಿನ ಮುಂದೆ ಇಬ್ಬರದೂ ಏನೂ ಅಲ್ಲ.

ನಗುನಗುತ್ತಲೇ ಆಕೆ ಚಪ್ಪಲಿಯನ್ನು ನೆಲಕ್ಕೆ ಟಪ್ಪನೆ ಬಿಟ್ಟು ಮೆಟ್ಟಿಕೊಂಡರು. ಬಾಗಿಲಿಗೆ ಹೋಗಿ ಆ ಸಡಿಲ ಹಲಗೆಯ ಮೇಲೆ ಬೇಕೆಂದೇ ನಿಂತು, ಒಮ್ಮೆ ತುಳಿದರು, ಮತ್ತೊಮ್ಮೆ ತುಳಿದರು.