ಕುಂಬಾ ಸೋ ತೀರಿಕೊಂಡರು

"ನನ್ನನ್ನ ಕೊಂದವಳು ಯಾರು, ನೀನೇನಾ?" ಎನ್ನುತ್ತಲೇ ಕುಂಬಾ ಸೋ ಮೆಟ್ಟಿಲು ಹತ್ತಿ ಬಂದಳು. ಲಾಬೆ ಪೇಟೆಯಲ್ಲಿ ನೀಲಿ ಬಟ್ಟೆ ಮಾರುವ ಹೆಂಗಸು. ಅವಳ ಹಿಂದೆ ಕೈಚೀಲ ಹಿಡಿದ ಗಂಡಸೊಬ್ಬ. ಪ್ರಯಾಣದಿಂದ ಅವನ ಅಂಗಿ ಮುದ್ದೆಯಾಗಿತ್ತು.

ಮರ್ಲಿಯಾತು ಕಂಪ್ಯೂಟರ್ ಬಿಟ್ಟು ಎದ್ದು ನಿಂತಳು. ಊರಿನ ರೇಡಿಯೋದವರಿಗೆ ಜಾಲತಾಣ ಮಾಡಿಕೊಟ್ಟವಳು ಅವಳೇ. ರೇಡಿಯೋದಲ್ಲಿ ಓದುವ ಸಾವಿನ ಸುದ್ದಿಗಳನ್ನು ಪರದೇಶದಲ್ಲಿರುವವರು ಅಲ್ಲಿ ನೋಡುತ್ತಿದ್ದರು.

"ಏನಾಯ್ತಮ್ಮಾ?"

"ಏನಾಗೋದು, ಸತ್ತೋದೆ! ಇವನು ನನ್ನ ತಮ್ಮ ಸಾಲಿಯು. ನನ್ನ ಮಣ್ಣಿಗೆ ಅಂತ ಲುವಾಂಡಾದಿಂದ ಬಂದಿದಾನೆ."

ಸಾಲಿಯು ಫೋನ್ ಚಾಚಿದ. ಅವರ ಮನೆಮಾತು ಬರೆಯುವ, ಬಲದಿಂದ ಎಡಕ್ಕೆ ಸಾಗುವ ಆದ್ಲಮ್ ಲಿಪಿಯಲ್ಲಿ 'ಕುಂಬಾ ಸೋ ತೀರಿಕೊಂಡರು' ಎಂದಷ್ಟೇ ಇತ್ತು. ಚೌಕಟ್ಟಿನ ಎಡ ಅಂಚಿನಲ್ಲಿ ಮುಂದಿನ ಅಕ್ಷರದ ತುಣುಕೊಂದು ಇಣುಕುತ್ತಿತ್ತು.

ಮರ್ಲಿಯಾತುವಿಗೆ ತಿಳಿದುಹೋಯಿತು. ಪುಟ ಹೇಗೆ ಕಾಣಬೇಕೆಂದು ಹೇಳುವ ಸ್ಟೈಲ್‌ಶೀಟನ್ನು ಅವಳು ಫ್ರೆಂಚ್ ಬರಹಕ್ಕೆಂದು ಬರೆದಿದ್ದಳು: ಒಂದೇ ಸಾಲು, ಪರದೆಯಷ್ಟೇ ಅಗಲ, ಮಿಕ್ಕಿದ್ದು ಕಾಣಬಾರದು. ಆದ್ಲಮ್ ಸೇರಿಸಿದಾಗಲೂ ಅದನ್ನೇ ಉಳಿಸಿಕೊಂಡಿದ್ದಳು. ಅವಳ ಅಗಲವಾದ ಪರದೆಯಲ್ಲಿ ಎಲ್ಲವೂ ಸರಿಯಾಗಿ ಕಂಡಿತ್ತು.

"ಅದು ಬೇರೆ ಕುಂಬಾ. ಊರಿನ ಹೆಸರು ತುಂಡಾಗಿದೆ. ತಪ್ಪು ನಂದೇ, ಅಣ್ಣಾ," ಎಂದಳು. "ಒಂದು ಫೋನ್ ಮಾಡ್ಲಿಲ್ವಾ?"

"ಮಾಡಿದೆ. ಅಲ್ಲೇ ಅಂಗೋಲಾದವಳನ್ನ ಕಟ್ಕೊಂಡೆ ಅಂತ ಅಕ್ಕ ನನ್ನ ಫೋನೇ ಎತ್ತಲ್ಲ. ಅವತ್ತೂ ಎತ್ಲಿಲ್ಲ. ಹಾಗಾದ್ರೆ ನಿಜಾನೇ ಅನ್ಕೊಂಡೆ."

ಕುಂಬಾ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಬಂದು ನೋಡಿದ್ರೆ ನಾನು ಗಿರಾಕಿ ಹತ್ರ ಜಗಳ ಆಡ್ತಿದೀನಿ. ಅಂಗಡಿ ಬಾಗಿಲಲ್ಲೇ ಕೂತು ಅತ್ತುಬಿಟ್ಟ, ಕತ್ತೆ. ಗಿರಾಕಿ ಹೆದರಿ ಓಡಿಹೋದ."

ಮರ್ಲಿಯಾತು ಕುಳಿತು ಆ ನಿಯಮ ಅಳಿಸಿದಳು. ಅಗಲ ಸಾಲದಿದ್ದರೆ ಬರಹ ಕೆಳಗಿನ ಸಾಲಿಗೆ ಇಳಿಯುವಂತೆ ಮಾಡಿ, ಸಾಲಿಯುವಿನ ಫೋನಿನಲ್ಲೇ ಪುಟ ಮತ್ತೆ ತೆರೆದಳು. ಚೌಕಟ್ಟು ಎರಡು ಸಾಲಿಗೆ ಬೆಳೆಯಿತು.

"ಏನಂತಿದೆ, ಓದೋ," ಎಂದಳು ಕುಂಬಾ.

"ಕುಂಬಾ ಸೋ ತೀರಿಕೊಂಡರು, ತಿಂಬೋ ಊರಿನವರು. ಸೂಲಗಿತ್ತಿ ಆಗಿದ್ದರು."

"ಪಾಪ. ಅವಳಿಗೋಸ್ಕರ ಅಳಬೇಕಾದೋರು ಯಾರೋ, ಅತ್ತೋನು ನೀನು." ಅವಳು ಎರಡು ಅಂಗೈಗಳನ್ನೂ ಮೇಲಕ್ಕೆ ಬಿಡಿಸಿ ಪ್ರಾರ್ಥನೆ ಹೇಳಿದಳು. ಉಳಿದಿಬ್ಬರೂ ಕೈ ಬಿಡಿಸಿದರು. ಮುಗಿದ ಮೇಲೆ ಅಂಗೈಗಳಿಂದ ಮುಖ ಸವರಿಕೊಂಡು ಬಾಗಿಲತ್ತ ನಡೆದವಳು, ತಿರುಗದೆಯೇ ಕೇಳಿದಳು.

"ಹೋಗು ಅಂತ ಆ ಅಂಗೋಲಾದವಳು ಬಿಟ್ಟಳಾ ನಿನ್ನ?"

"ಅವಳೇ ಕಳಿಸಿದ್ದು, ಅಕ್ಕಾ."

"ಏನವಳ ಹೆಸರು?"

"ದೊಮಿಂಗಾಶ್."

"ದೊಂಬಿಗಾಸ?"

"ದೊ-ಮಿಂ-ಗಾಶ್."

ಕುಂಬಾ ಗೋಡೆ ಹಿಡಿದು ಇಳಿಯತೊಡಗಿದಳು. ಪ್ರತಿ ಮೆಟ್ಟಿಲಿಗೂ ನಿಂತು ಆ ಹೆಸರನ್ನು ಮೆಲ್ಲಗೆ ಹೇಳಿ ನೋಡುತ್ತಿದ್ದಳು. ಹಿಂದಿನಿಂದ ಸಾಲಿಯು ತಿದ್ದುತ್ತಾ ಹೋದ.