ಹುಳದ ತಟ್ಟೆಯಲ್ಲಿ ‘ಬೀದಿದೀಪ’

ಬೆಂಗಳೂರಿನ ವರದರಾಜರು ತೀರಿಕೊಂಡರೆಂಬ ಸುದ್ದಿ ಶಿಡ್ಲಘಟ್ಟಕ್ಕೆ ಸಣ್ಣ ರೈಲಿನಲ್ಲಿ, ಪತ್ರಿಕೆಯ ಕಟ್ಟಿನೊಂದಿಗೇ ಬಂತು. ಇಪ್ಪತ್ತು ವರ್ಷ ‘ಬೀದಿದೀಪ’ ಎಂಬ ಅಂಕಣ ಬರೆದವರು. ಅದನ್ನು ಓದದೆ ಕಾಫಿ ಮುಟ್ಟದವರು ನಮ್ಮ ಸೀಮೆಯಲ್ಲೂ ಇದ್ದರು. ಅರವತ್ತೆರಡನೇ ಇಸವಿ. ಎಲ್ಲರೂ ಅಯ್ಯೋ ಪಾಪ ಎಂದರು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ಕಾರಣ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ ವರದರಾಜರು ನಮ್ಮ ಕಡೆ ಬಂದವರು ದಾರಿ ತಪ್ಪಿದ್ದರು. ಅವರನ್ನು ರೇಷ್ಮೆ ನೂಲು ತೆಗೆಯುವ ಬೀದಿಯವರೆಗೆ ಕರೆದೊಯ್ದವರು ನನ್ನ ಮಾವ ನಲ್ಲಪ್ಪ. ಅದು ಅಂಕಣದಲ್ಲಿ ಬರುವ ಹೊತ್ತಿಗೆ ಮಾವ ಇರಲಿಲ್ಲ. ಅವರ ಹನ್ನೊಂದನೇ ದಿನ ಅತ್ತೆ ಕದಿರಮ್ಮ ಆ ಪತ್ರಿಕೆಯನ್ನು ನನ್ನ ಮಡಿಲಿಗೆ ಹಾಕಿ ಓದು ಎಂದರು. ಅವರಿಗೆ ಓದು ಬರದು. ಅಲ್ಲಿದ್ದದ್ದು ಒಂದೇ ಸಾಲು: ‘ರೇಷ್ಮೆಗೂಡಿನ ಬುಟ್ಟಿ ಹೊತ್ತ ರೈತನೊಬ್ಬ ದಾರಿ ತೋರಿಸಿದ.’ ಹೆಸರೂ ಇಲ್ಲ. ಅತ್ತೆ ಕಾಯುತ್ತ ಕೂತಿದ್ದರು. ನಾನು ಮುಂದಕ್ಕೆ ಓದಿದೆ, ಅಲ್ಲಿ ಇಲ್ಲದ್ದನ್ನು. ನಲ್ಲಪ್ಪನವರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಕನಸು ಹೇಳುತ್ತಿದ್ದರು, ಅವರ ಜೊತೆ ನಡೆದರೆ ದಾರಿಯೇ ಮೆತ್ತಗಾಗುತ್ತಿತ್ತು, ಹೀಗೆ. ಅಲ್ಲಿಂದ ಪ್ರತಿ ವರ್ಷ ತಿಥಿಯ ದಿನ ಅದೇ ಓದಬೇಕು. ಸುಳ್ಳೊಂದನ್ನು ಏಳು ವರ್ಷ ನೀರೆರೆದು ಬೆಳೆಸಿದೆ.

ಈಗ ಭಾನುವಾರ ಶಾಲೆಯಂಗಳದಲ್ಲಿ ಸಂತಾಪ ಸಭೆ. ಆ ಪತ್ರಿಕೆ ತನ್ನಿ, ನಾನೇ ಓದುತ್ತೇನೆ ಎಂದು ಮೇಷ್ಟ್ರು ಹೇಳಿಕಳಿಸಿದರು. ಸೀಮೆಗೆಲ್ಲ ಅದು ಉಳಿದದ್ದು ನಮ್ಮ ಪೆಟ್ಟಿಗೆಯಲ್ಲೇ. ಮೇಷ್ಟ್ರು ಕನ್ನಡಕ ಏರಿಸಿ ಇದ್ದಷ್ಟನ್ನೇ ಓದುತ್ತಾರೆ. ಊರೆದುರು ಅತ್ತೆಯ ಗಂಡ ಹೆಸರಿಲ್ಲದವರಾಗುತ್ತಾರೆ.

ರೇಷ್ಮೆಹುಳದ ತಟ್ಟೆಗೆ ಹಳೆ ಪತ್ರಿಕೆ ಹಾಸುವುದು ನಮ್ಮಲ್ಲಿ ರೂಢಿ. ಶುಕ್ರವಾರ ಪೆಟ್ಟಿಗೆಯ ಆ ಪತ್ರಿಕೆಯನ್ನೇ ಹಾಸಿ ಮೇಲೆ ಮರಿಹುಳ ಬಿಟ್ಟೆ, ಬೇಕೆಂದೇ. ಶನಿವಾರ ಸಂಜೆ ಹುಳ ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚಿನ ನಿದ್ದೆಗೆ ನಾವು ಜ್ವರ ಅನ್ನುತ್ತೇವೆ. ಆಗ ತಟ್ಟೆ ಮುಟ್ಟಿದರೆ ಬೆಳೆ ಹೋದಂತೆಯೇ. ಆ ಪಾಠ ಕಲಿಸಿದವರು ಅತ್ತೆಯೇ.

ಭಾನುವಾರ ಅವರು ಪೆಟ್ಟಿಗೆ ತಡಕಿದರು. ಗೊತ್ತಾಗದೆ ಹಾಸಿಬಿಟ್ಟೆ ಎಂದೆ. ಬೈಯಲಿಲ್ಲ, ಹುಳದ ಮನೆಗೆ ಬಂದು ನಿಂತರು. ಸಾವಿರಾರು ಹುಳ ತಲೆಯೆತ್ತಿ ನಿದ್ದೆ ಹೋಗಿದ್ದವು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸದ್ದೇ ಇಲ್ಲ. ಎಷ್ಟು ಹೊತ್ತು ನಿಂತಿದ್ದೆವೋ, ನನಗೂ ಜೊಂಪು ಹತ್ತಿತು. ಮಾವ ತಟ್ಟೆಗಳ ನಡುವೆ ಹೆಜ್ಜೆ ಸಪ್ಪಳ ಮಾಡದೆ ಓಡಾಡುತ್ತಿದ್ದಾರೆ ಅನ್ನಿಸಿತು.

"ಮಲಗ್ಲಿ ಬಿಡು," ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಸಭೆಗೆ ಹೊರಟರು.

ಅಲ್ಲಿ ದೊಡ್ಡವರು ದೊಡ್ಡ ಮಾತಾಡಿದರು. ಬೆಂಗಳೂರಿನಿಂದ ಬಂದ ಪತ್ರಿಕೆಯವರೊಬ್ಬರು ಬರೆದುಕೊಳ್ಳುತ್ತಿದ್ದರು. ಕೊನೆಗೆ ಅತ್ತೆ ಎದ್ದು, ಕಾಗದ ಇಲ್ಲ, ಬಾಯಲ್ಲೇ ಹೇಳುತ್ತೇನೆ ಎಂದರು. ಹೇಳಿದರು, ನಾನು ಕಟ್ಟಿ ಓದಿದ್ದೆಲ್ಲವನ್ನೂ, ಒಂದಕ್ಷರ ಬಿಡದೆ. ಮೇಷ್ಟ್ರು ಕಣ್ಣೊರೆಸಿಕೊಂಡು, ಹೀಗೆ ಬರೆಯಲು ವರದರಾಜರೇ ಆಗಬೇಕು ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಳಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ.

ಮುಂದಿನ ವಾರದ ಪತ್ರಿಕೆಯಲ್ಲಿ, ‘ಓದುಗರ ನೆನಪಿನಲ್ಲಿರುವಂತೆ’ ಎಂಬ ತಲೆಬರಹದ ಕೆಳಗೆ ಅದಷ್ಟೂ ಅಚ್ಚಾಗಿತ್ತು. ನಲ್ಲಪ್ಪ ಎಂಬ ಹೆಸರು ಮೂರು ಕಡೆ ಇತ್ತು. ಅತ್ತೆ ಎದುರಿಗೆ ಕೂತು ಓದಿಸಿದರು. ನಾನು ಅಲ್ಲಿದ್ದದ್ದನ್ನು ಇದ್ದ ಹಾಗೇ ಓದಿದೆ.

ಅತ್ತೆ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಿಧಾನವಾಗಿ ಮಡಿಸಿದರು.

"ಏಳು ವರ್ಷದಲ್ಲಿ ಇವತ್ತೇ ಕಣಮ್ಮ," ಎಂದರು, "ನೀನು ಪೇಪರ್ ನೋಡ್ಕೊಂಡು ಓದಿದ್ದು."